ಒಂದು ಮೆಟ್ಟಿಲು ಕೆಳಗೆ

ಕೆಂಪಾಯಿತು, ಹನ್ನೊಂದು ಎಂದು ಒತ್ತಿದ ತಕ್ಷಣ ಕಂಪ್ಯೂಟರಿನ ಹಾಳೆಯಲ್ಲಿ ಸೋಮವಾರದ ಮನೆ ಕೆಂಪಾಯಿತು, ಆಹಾ ಎಂಥ ಕೆಂಪು, ಇಷ್ಟು ವರ್ಷ ಇದೇ ಕುರ್ಚಿ ಸವೆಸಿದ್ದೇನೆ, ನನ್ನ ಸಾಲಿನಲ್ಲಿ ಈ ಬಣ್ಣವನ್ನು ಒಂದು ದಿನವೂ ಕಂಡಿಲ್ಲ, ಬರೀ ಹಸಿರು, ಎಂಟು ಎಂಟು ಎಂಟು, ದನ ಮೇಯಿಸಬಹುದು ಅಷ್ಟು ಹಸಿರು — ಮೂಲೆಯಲ್ಲಿ ಪ್ಲಾಟರ್ ಯಾರದೋ ನಕ್ಷೆಯನ್ನು ಗೊಣಗುತ್ತ ಅಚ್ಚುಹಾಕಿ ಹೊರಗೆ ತಳ್ಳುತ್ತಿದೆ, ಬೆಚ್ಚಗಿನ ಕಾಗದದ ವಾಸನೆ, ಕಿಟಕಿಯ ಪರದೆ ಎದ್ದು ಬಂದು ಮೊಣಕೈ ಸವರಿ ಮತ್ತೆ ಗೋಡೆಗೆ ಬಿತ್ತು — ಕೆಂಪಾದರೇನು, ಕೆಂಪಾಗಲೆಂದೇ ಒತ್ತಿದ್ದು, ಈ ಟೈಮ್‌ಶೀಟಿನಲ್ಲಿ ಎಂಟು ಗಂಟೆಗಿಂತ ಹೆಚ್ಚು ಬರೆದರೆ ಕೆಂಪು, ಕಡಿಮೆ ಬರೆದರೆ ಹಳದಿ, ಎರಡಕ್ಕೂ ಮೇಡಂ ಅವರಿಗೆ ಒಂದೊಂದು ಮೇಲ್ ಹೋಗುತ್ತದೆ, ಈಗ ಅವರ ಫೋನು ಮೇಜಿನ ಮೇಲೆ ಒಂದು ಸಲ ನಡುಗಿರುತ್ತದೆ, ನಡುಗಲಿ, ಇನ್ನೂ ಬಹಳ ನಡುಗುವುದಿದೆ. ಮೂರು ತಿಂಗಳ ಹಾಳೆಗೆ ಇವತ್ತು ಸಂಜೆ ಐದಕ್ಕೆ ಬೀಗ ಬೀಳುತ್ತದೆ, ಆಮೇಲೆ ಬ್ರಹ್ಮ ಬಂದರೂ ತಿದ್ದುವಂತಿಲ್ಲ, ಈಗಿನ್ನೂ ಊಟ ಮುಗಿಸಿ ಎಲ್ಲರೂ ಆಕಳಿಸುವ ಹೊತ್ತು, ಬೇಕಾದಷ್ಟು ಸಮಯವಿದೆ, ನನ್ನ ಕೈಯೇನು ಆಮೆಯೇ, ಈ ನಕ್ಷೆ ಕಚೇರಿಯಲ್ಲಿ ಮೆಟ್ಟಿಲು ಎಂದರೆ ನಾನು, ಯಾವ ಕಟ್ಟಡದ ಮೆಟ್ಟಿಲಾದರೂ ನನ್ನ ಮೇಜಿಗೇ ಬರಬೇಕು, ಬೆನ್ನ ಹಿಂದೆ ಮೆಟ್ಟಿಲಮ್ಮ ಎನ್ನುತ್ತಾರೆ, ಎದುರಿಗೂ ಅನ್ನಿ ಎಂದಿದ್ದೇನೆ, ಕೆಲಸವೇ ಹೆಸರಾದವರು ಎಷ್ಟು ಜನ ಇದ್ದಾರೆ. ಮಂಗಳವಾರ ಹತ್ತೂವರೆ, ಕೆಂಪು.

ನಿಜ ಬರೆಯುವವರು ಇಲ್ಲಿ ಯಾರೂ ಇಲ್ಲ, ಹಾಗೆಂದು ಕಳ್ಳರೂ ಇಲ್ಲ, ಅದೊಂದು ಏರ್ಪಾಡು ಅಷ್ಟೆ, ಯಾರು ಶುರುಮಾಡಿದರೋ, ನಾನು ಸೇರುವ ಮೊದಲೇ ಇತ್ತು, ಹೆಚ್ಚು ಬರೆದವಳಿಗೆ ನಿಧಾನಿ ಎಂಬ ಹೆಸರು, ಕಡಿಮೆ ಬರೆದವನಿಗೆ ಮೈಗಳ್ಳ ಎಂಬ ಹೆಸರು, ಎರಡೂ ಬೇಡವೆಂದರೆ ಗಂಟೆ ಕಡ ಕೊಡು, ಗಂಟೆ ಕಡ ತೆಗೆದುಕೊ — ನನ್ನದು ಮೂರು ಹೆಚ್ಚಾಯಿತೇ, ನೀನು ಹಲ್ಲು ಕೀಳಿಸಿಕೊಳ್ಳಲು ಹೋಗಿ ನಿನ್ನದು ಮೂರು ಕಡಿಮೆಯಾಯಿತೇ, ನನ್ನ ಮೂರನ್ನು ನಿನ್ನ ಸಾಲಿಗೆ ಹಾಕಿಕೊ, ನಾನೂ ಎಂಟು ನೀನೂ ಎಂಟು, ಇಬ್ಬರೂ ಹಸಿರು, ಕಟ್ಟಡಕ್ಕೆ ಎಷ್ಟು ಗಂಟೆ ಹಿಡಿಯಿತೋ ಆ ಮೊತ್ತ ಒಂದು ನಿಮಿಷವೂ ಸುಳ್ಳಲ್ಲ, ಯಾರ ಗಂಟೆ ಎನ್ನುವುದೊಂದೇ ಸುಳ್ಳು. ಪಕ್ಕದ ಮನೆಗೆ ಒಂದು ಲೋಟ ಸಕ್ಕರೆ ಕೊಟ್ಟ ಹಾಗೆ, ಕೊಟ್ಟ ಸಕ್ಕರೆಯನ್ನು ವಾಪಸು ಕೇಳಲು ಲೋಟ ಹಿಡಿದು ಬಾಗಿಲು ತಟ್ಟುವವಳನ್ನು ಯಾರು ಕಂಡಿದ್ದಾರೆ, ಇವತ್ತು ಕಾಣುತ್ತಾರೆ. ಈ ಮೂರು ತಿಂಗಳು ನಾನು ಕೊಟ್ಟದ್ದೆಲ್ಲ ಒಬ್ಬನಿಗೇ, ಆ ಎದುರು ಮೇಜಿನ ಕನ್ನಡಕನಿಗೆ, ಬಾಗಿಲು ಕಿಟಕಿ ಬರೆಯುವವನು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನಡಿ ಹುಡುಕುವವನು, ಮೊದಲ ಮಗು ಹುಟ್ಟಿದಾಗಿನಿಂದ ದಿನಾ ಮೂರಕ್ಕೆ ಬ್ಯಾಗನ್ನು ಎದೆಗವಚಿಕೊಂಡು ಗೋಡೆ ಸವರಿಕೊಂಡು ಹೊರಡುತ್ತಾನೆ, ಅಕ್ಕಾ ಸ್ವಲ್ಪ ನೋಡ್ಕೋತೀರಾ ಎಂದು ಒಂದೇ ಮಾತು, ನೋಡಿಕೊಂಡೆ, ನನ್ನ ಮೆಟ್ಟಿಲು ಮುಗಿಸಿ ಅವನ ಕಿಟಕಿಗಳನ್ನೂ ಮುಗಿಸಿದೆ, ಗಂಟೆಗಳನ್ನು ಅವನ ಸಾಲಿಗೇ ಹಾಕಿದೆ, ಅವನು ಹಸಿರು, ನಾನು ಹಸಿರು, ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ. ಬುಧವಾರ ಹನ್ನೊಂದು. ಗುರುವಾರ ಹತ್ತು ಮುಕ್ಕಾಲು, ಆ ಕಾಲು ಗಂಟೆ ಅತ್ತೆಯ ಜೊತೆ ಫೋನಿನಲ್ಲಿದ್ದೆ, ಅದನ್ನು ಕಚೇರಿಯ ತಲೆಗೆ ಕಟ್ಟುವುದಿಲ್ಲ, ಕಳೆದಿದ್ದೇನೆ.

ಅತ್ತೆ ಎಂದರೆ ಅಪ್ಪನ ಅಕ್ಕ, ಸೋದರತ್ತೆ, ಹಗಲೆಲ್ಲ ಅಪ್ಪನ ಕಾವಲು ಅವಳದೇ, ಮಡಿಸಿಟ್ಟ ಕೊಡೆಯಷ್ಟು ಸಣ್ಣ ಹೆಂಗಸು, ಅಪ್ಪನೋ ಬೀರುವಿನಷ್ಟು ದಪ್ಪ, ಅವರು ವಾಲಿದರೆ ಹಿಡಿಯಲು ಹೋದವಳೂ ಅಡಿಯಲ್ಲಿ, ಆಮೇಲೆ ಒಂದರ ಜೊತೆ ಇನ್ನೊಂದು ಹಾಸಿಗೆ ಹಾಸಬೇಕು, ಹಾಗಾಗಿ ಮೆಟ್ಟಿಲಿನ ತಂಟೆಗೆ ಹೋಗಬೇಡ ಎಂದು ನಾನೇ ಹೇಳಿದ್ದೇನೆ. ಅಪ್ಪ ಜೀವಮಾನವೆಲ್ಲ ಲಿಫ್ಟಿನಲ್ಲಿ ನಿಂತವರು, ಪೇಟೆಯ ದೊಡ್ಡ ಅಂಗಡಿಯ ಲಿಫ್ಟ್ ಆಪರೇಟರು, ಹಿತ್ತಾಳೆ ಗುಂಡಿಯ ಕೋಟು, ಒಂದನೇ ಮಹಡಿ ಬಟ್ಟೆಬರೆ, ಎರಡನೇ ಮಹಡಿ ಪಾತ್ರೆಪಡಗ, ಮೂರನೇ ಮಹಡಿ ಆಟದ ಸಾಮಾನು, ದಿನಕ್ಕೆ ನೂರಾರು ಸಲ ಹತ್ತಿಳಿದರೂ ಮೆಟ್ಟಿಲು ತುಳಿದವರಲ್ಲ, ಮಗಳು ಮೆಟ್ಟಿಲು ಬರೆಯುವ ಕೆಲಸಕ್ಕೆ ಸೇರಿದಾಗ ಹೋಗಿ ಹೋಗಿ ನಮ್ಮ ಶತ್ರುಗಳ ಕಡೆ ಸೇರ್ಕೊಂಡ್ಯಲ್ಲೇ ಎಂದು ನಕ್ಕವರು, ಮತ್ತೆ ಬಾಡಿಗೆ ಹಿಡಿದಿರುವುದು ಲಿಫ್ಟೇ ಇಲ್ಲದ ಕಟ್ಟಡದ ಎರಡನೇ ಮಹಡಿ. ಲಕ್ವ ಹೊಡೆದು ಬಲಗಾಲು ಹೋಯಿತು, ಮಾತೂ ಹೋಗಿತ್ತು, ವಾರದಲ್ಲಿ ವಾಪಸು ಬಂತು, ಬಂದ ಮಾತು ಮೊದಲು ಆಡಿದ್ದೇನು — ಮೂರನೇ ಮಹಡಿ — ಆಸ್ಪತ್ರೆಯ ವಾರ್ಡು ನಿಜಕ್ಕೂ ಮೂರನೇ ಮಹಡಿಯಲ್ಲೇ ಇತ್ತು, ನರ್ಸು ಚಪ್ಪಾಳೆ ತಟ್ಟಿದಳು, ನಾನು ಅತ್ತುಬಿಟ್ಟೆ. ಇಬ್ಬರು ಆಳುಗಳು ಕುರ್ಚಿಯಲ್ಲಿ ಕೂರಿಸಿ ಮನೆಗೆ ಹೊತ್ತು ತಂದರು, ಅವತ್ತಿನಿಂದ ಬೀದಿ ಕಂಡಿಲ್ಲ, ಕಿಟಕಿಯಲ್ಲಿ ಕೂತು ಕೆಳಗೆ ಹೋಗುವವರ ನೆತ್ತಿ ನೋಡುತ್ತಾರೆ, ಬೋಳುತಲೆಗಳ ಲೆಕ್ಕ ಇಟ್ಟಿದ್ದಾರೆ, ತಮ್ಮದು ಸೇರಿಸಿಲ್ಲ.

ವ್ಯಾಯಾಮ ಹೇಳಿಕೊಡಲು ಬಂದ ಮಾಸ್ತರು ಬಾಗಿಲಿನ ಎದುರೇ ತಾರಸಿಗೆ ಹೋಗುವ ಮೆಟ್ಟಿಲು ನೋಡಿ ಇದೇ ಸಾಕು ಎಂದರು, ದಿನಾ ಹತ್ತಿಸಿ, ಹಿಂದೆ ಒಂದು ಮೆಟ್ಟಿಲು ಕೆಳಗೆ ಗಟ್ಟಿಮುಟ್ಟಾದವರು ಒಬ್ಬರು ನಿಂತಿರಲೇಬೇಕು, ಮುಟ್ಟಬೇಡಿ, ಕೈ ಹತ್ರ ಇಟ್ಕೊಳ್ಳಿ ಸಾಕು, ಬಿದ್ರೂ ಹಿಡೀತಾರೆ ಅನ್ನೋ ಧೈರ್ಯ ಬಂದ್ರೆ ಕಾಲು ತಾನೇ ಕಲಿಯುತ್ತೆ — ಇನ್ನೂ ಏನೋ ಹೇಳಿದರು, ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು, ಕಚೇರಿಯಿಂದ, ನಾವು ಬರೆಯುತ್ತಿರುವ ಗ್ರಂಥಾಲಯದ ಮೆಟ್ಟಿಲಿನ ಕಟಾಂಜನ ಬದಲಾಗಿದೆಯಂತೆ ಬೇಗ ಬನ್ನಿ ಎಂದು. ಗಟ್ಟಿಮುಟ್ಟಾದವಳು ಮನೆಯಲ್ಲಿ ನಾನೊಬ್ಬಳೇ, ನಾನು ಸಿಗುವುದು ಭಾನುವಾರ ಮಾತ್ರ, ಭಾನುವಾರ ಅಪ್ಪ ಬೆಳಗ್ಗೆಯೇ ಕ್ಷೌರ ಮಾಡಿಕೊಂಡು ಬೂದು ಸಾಕ್ಸು ಹಾಕಿಕೊಂಡು ಬಾಗಿಲಲ್ಲಿ ತಯಾರು, ಎಡಗಾಲು ಸರಾಗವಾಗಿ ಏರುತ್ತದೆ, ನಾನು ಹಿಂದೆ ಎರಡೂ ಕೈ ಬೊಗಸೆಯ ಹಾಗೆ ಹಿಡಿದು ನಿಂತಿರುತ್ತೇನೆ, ಆಮೇಲೆ ಬಲಗಾಲು, ಅದು ನೆಲ ಬಿಟ್ಟು ಏಳುತ್ತದೆ, ಎದ್ದು ಗಾಳಿಯಲ್ಲಿ ನಿಲ್ಲುತ್ತದೆ, ಹೆಬ್ಬೆರಳು ಕೆಳಗೆ ಜೋತು, ಸಾಕ್ಸಿನ ಹಿಮ್ಮಡಿ ಸವೆದು ಅಲ್ಲಿಂದ ಎಳೆಗೆಂಪು ಚರ್ಮ ಕಾಣುತ್ತದೆ, ಮೆಟ್ಟಿಲು ಎಲ್ಲಿದೆ ಎಂದು ಅದಕ್ಕೆ ಗೊತ್ತಿಲ್ಲ, ಹುಡುಕುತ್ತದೆ, ಅಷ್ಟು ಹೊತ್ತೂ ಅಪ್ಪ ಉಸಿರೆತ್ತುವುದಿಲ್ಲ, ಪಾದ ಕೂತ ಮೇಲೆಯೇ ಘೋಷಣೆ, ಒಂದನೇ ಮಹಡಿ, ಬಟ್ಟೆಬರೆ. ಅತ್ತೆ ಬಾಗಿಲಿನಿಂದ ನಂಗೆ ಒಂದು ಸೀರೆ ತೋರ್ಸಪ್ಪಾ ಎನ್ನುತ್ತಾಳೆ, ಅಪ್ಪ ಗಂಭೀರವಾಗಿ ಬಲಗಡೆ ಹೋಗಿ ಎನ್ನುತ್ತಾರೆ. ಬೇಕು, ನನಗೆ ಒಂದು ತಿಂಗಳು ಬೇಕು, ಒಂದು ತಿಂಗಳು ದಿನಾ ನಿಂತರೆ ಅವರನ್ನು ಬೀದಿಗೆ ಇಳಿಸುತ್ತೇನೆ, ಅದರಲ್ಲಿ ಎರಡು ಮಾತಿಲ್ಲ.

ಬೆಳಗ್ಗೆ ಆ ಒಂದು ತಿಂಗಳ ರಜೆ ಕೇಳಲು ಮೇಡಂ ಬಳಿ ಹೋದಾಗ ಅವರು ಕೂರಿಸಿದರು, ಅಪ್ಪನನ್ನು ವಿಚಾರಿಸಿದರು, ಕೆಟ್ಟವರಲ್ಲ, ಹಸಿರಿನ ಹುಚ್ಚೊಂದನ್ನು ಬಿಟ್ಟರೆ ಚಿನ್ನದಂಥ ಹೆಂಗಸು, ಅಪ್ಪ ಆಸ್ಪತ್ರೆಯಲ್ಲಿದ್ದಾಗ ನನ್ನ ಇದ್ದಬದ್ದ ರಜೆಯನ್ನೆಲ್ಲ ಒಂದೇ ಏಟಿಗೆ ಮಂಜೂರು ಮಾಡಿದವರು, ಈಗ ಉಳಿದಿರುವುದು ಒಂದೇ ದಾರಿ, ಹೆಚ್ಚುವರಿ ದುಡಿದ ಗಂಟೆಗಳು ರಜೆಯಾಗಿ ವಾಪಸು ಬರುತ್ತವೆ, ಬರೆದಿದ್ದರೆ. ಪರದೆಯನ್ನು ನನ್ನ ಕಡೆ ತಿರುಗಿಸಿದರು, ನೋಡಿ, ಬರೀ ಎಂಟೇ ಇದೆ, ನೀವು ಮಾಡಿದ್ದು ನಂಗೊತ್ತು, ಸಿಸ್ಟಮ್ಮಿಗೆ ಗೊತ್ತಿಲ್ವಲ್ಲ, ಮೇಲಿನವರಿಗೆ ನಾನು ಏನಂತ ತೋರಿಸ್ಲಿ — ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು, ಆ ದೀಪದ ಬೆಳಕಿನಲ್ಲೇ ದಾರಿ ಕಂಡಿತು ನನಗೆ, ಸಿಸ್ಟಮ್ಮಿಗೆ ಗೊತ್ತಿಲ್ಲವೇ, ಗೊತ್ತು ಮಾಡಿಸಿದರಾಯಿತು. ನಾನು ಅಂದಾಜಿನ ಮೇಲೆ ಬರೆಯುವವಳಲ್ಲ, ಒಂದೊಂದು ನಕ್ಷೆಯ ಬಲಮೂಲೆಯಲ್ಲೂ ಅದನ್ನು ಕೊನೆಗೆ ಉಳಿಸಿದ ಹೊತ್ತು ತಾನೇ ಅಚ್ಚಾಗಿರುತ್ತದೆ, ಕಂಪ್ಯೂಟರಿಗೆ ಮುಲಾಜಿಲ್ಲ, ಅದನ್ನು ನೋಡಿಕೊಂಡೇ ತುಂಬಿಸುತ್ತಿದ್ದೇನೆ, ಚಹಾ ಕುಡಿದದ್ದು ಕಳೆದು, ಹರಟಿದ್ದು ಕಳೆದು, ಪ್ಲಾಟರ್ ಕಾಗದ ಕಚ್ಚಿಕೊಂಡು ಕೂತಾಗ ಅದಕ್ಕೆ ಬೈದ ಹೊತ್ತನ್ನು ಮಾತ್ರ ಕಳೆಯದೆ, ಅದು ಕಚೇರಿಯ ಕೆಲಸವೇ. ಗ್ರಂಥಾಲಯದ ಮುಖ್ಯ ಮೆಟ್ಟಿಲು, ಹನ್ನೊಂದು. ಮಕ್ಕಳ ವಿಭಾಗದ ಮೆಟ್ಟಿಲು, ಹತ್ತೂವರೆ, ಗಿಡ್ಡ ಕಾಲುಗಳಿಗೆಂದು ಒಂದೊಂದು ಮೆಟ್ಟಿಲನ್ನೂ ತಗ್ಗಿಸಿ ಮತ್ತೆ ಬರೆದದ್ದು, ಎಷ್ಟು ಚೆಂದ ಬಂದಿತ್ತು. ಸುರುಳಿ ಮೆಟ್ಟಿಲು, ಹನ್ನೊಂದೂಕಾಲು, ಅವತ್ತು ಅತ್ತೆ ಫೋನು ಮಾಡಿ ಇವ್ನು ಸಾಕ್ಸ್ ಹಾಕ್ಕೊಂಡು ಕೂತಿದಾನೆ ಕಣೇ, ನೀನು ಬೇಗ ಬರ್ತೀಯ ಅಂತ ಹೇಳಿದ್ಯಂತೆ ಎಂದಳು, ಹೇಳಿದ್ದೆ, ಇನ್ನರ್ಧ ಗಂಟೆ, ಅತ್ತೆ, ಎಂದೆ, ಸುರುಳಿ ಸೇರಲೇ ಇಲ್ಲ, ಕೊನೆಯ ಮೆಟ್ಟಿಲು ಮಹಡಿಗೆ ಒಂದು ಬೆರಳು ಕಡಿಮೆ ಬೀಳುತ್ತಿತ್ತು, ಬೆರಳಷ್ಟು ಕಡಿಮೆಯಾದರೂ ಹತ್ತುವವನ ಪಾದ ಇಲ್ಲದ ಮೆಟ್ಟಿಲಿಗೆ ಏಳುತ್ತದೆ, ಗಾಳಿಯಲ್ಲಿ ನಿಲ್ಲುತ್ತದೆ — ಇರಲಿ. ಹನ್ನೊಂದೂಕಾಲು, ಕೆಂಪು.

ಸಲ್ಲಿಸು ಎಂದು ಒತ್ತಿದರೆ ಒಂದು ಪೆಟ್ಟಿಗೆ ಎದ್ದು ಬಂತು, ಒಟ್ಟು ಗಂಟೆ ಮೀರುತ್ತಿದೆ, ಯಾವ ಸಾಲಿನಿಂದ ಕಳೆಯಬೇಕು ಆರಿಸಿ. ಗೊತ್ತಿತ್ತು, ಕಟ್ಟಡದ ಮೊತ್ತ ಮುಗಿದುಹೋಗಿದೆ, ನನ್ನ ಸಾಲಿಗೆ ಬಂದದ್ದು ಇನ್ನೊಬ್ಬರ ಸಾಲಿನಿಂದ ಹೋಗಬೇಕು, ಕನ್ನಡಕ ಎದುರಿಗೇ ಕೂತಿದ್ದಾನೆ, ಮೂರಾಗುತ್ತ ಬಂತು, ಬ್ಯಾಗಿನ ಜಿಪ್ಪು ಸದ್ದಾಗದಂತೆ ಎಳೆಯುತ್ತಿದ್ದಾನೆ, ಪಾಪದವನು, ಅವನ ಗುತ್ತಿಗೆ ಮುಂದಿನ ತಿಂಗಳು ನವೀಕರಣಕ್ಕೆ ಬರುತ್ತದೆ, ಮೂರು ತಿಂಗಳು ಹಳದಿ ಕಂಡರೆ ನವೀಕರಣ ಕನಸಿನ ಗಂಟು. ಏನೂ ಹೇಳದೆ ಬಟನ್ ಒತ್ತಿಬಿಡಬಹುದು, ಸಾಫ್ಟ್‌ವೇರಿಗೆ ಅವನ ಒಪ್ಪಿಗೆ ಬೇಕಿಲ್ಲ, ನನಗೆ ಬೇಕು, ಎದ್ದು ಹೋಗಿ ಅವನ ಮೇಜಿನ ಅಂಚಿಗೆ ಕೂತೆ, ಕೂತರೆ ಅವನು ಕನ್ನಡಕ ತೆಗೆದು ಅಂಗಿಗೆ ಒರೆಸತೊಡಗಿದ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಹೆಂಡತಿ ಹೇಗಿದ್ದಾಳೆ ಎಂದೆ. ಹಾಗೇ ಇದ್ದಾಳಂತೆ, ಹೆರಿಗೆಯಾದಾಗಿನಿಂದ ನಿದ್ದೆಯಿಲ್ಲ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂರುತ್ತಾಳೆ, ಬೆಳಗ್ಗೆಯಿಂದ ಅವಳ ತಾಯಿ ಇರುತ್ತಾರೆ, ಅವರು ಮೂರೂವರೆಗೆ ಹೊರಡಲೇಬೇಕು, ಒಂಟಿಯಾಗಿ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ, ಇದನ್ನೆಲ್ಲ ಅವನು ನನಗೆ ಮೊದಲೂ ಹೇಳಿದ್ದ, ಆದರೂ ಕೇಳಿದೆ, ಸಕ್ಕರೆ ವಾಪಸು ಕೇಳುವ ಮುನ್ನ ಮಗುವಿನ ಸುದ್ದಿ ಕೇಳುವುದು ನ್ಯಾಯ. ಆಮೇಲೆ ಹೇಳಿದೆ, ನನ್ನ ಗಂಟೆಗಳು ನಂಗೆ ಬೇಕಪ್ಪ, ಅಪ್ಪನ್ನ ನಡೆಸ್ಬೇಕು.

ಅವನು ತಲೆಯೆತ್ತಲಿಲ್ಲ, ತೊಗೊಳ್ಳಿ ಅಕ್ಕಾ, ನಿಮ್ದೇ ಅಲ್ವಾ, ನಂಗೂ ದಿನಾ ಆ ಎಂಟು ನೋಡಿದ್ರೆ ಮೈ ಉರಿಯುತ್ತೆ — ಎಂದವನು ತನ್ನ ಸಾಲನ್ನು ತಾನೇ ತೆಗೆದು ಸೋಮವಾರದ ಎಂಟನ್ನು ಅಳಿಸಿ ಐದು ಬರೆದ, ಹಳದಿಯಾಯಿತು, ಇನ್ನೊಂದನ್ನು ಅಳಿಸಿದ, ಹಳದಿ, ನಿಜ ಬರೆದ್ರೆ ಹಗುರ ಆಗುತ್ತೆ ಅಂತಾರಲ್ಲಕ್ಕಾ, ನಂಗೆ ಹೊಟ್ಟೆ ನೋಯ್ತಿದೆ. ನಗು ಬಂತು, ಇರು ಮಾರಾಯ, ನಾನು ಬರಿಗೈಲಿ ಬಂದಿಲ್ಲ ಎಂದೆ, ಬೆಳಗ್ಗೆ ಮೇಡಂ ಕೋಣೆಯಿಂದ ಹೊರಬಿದ್ದವಳು ನಮ್ಮ ಕಚೇರಿಯ ನಿಯಮಗಳನ್ನು ಮೊದಲಿಂದ ಕೊನೆತನಕ ಓದಿದೆ, ಕಟ್ಟಡ ಕಟ್ಟುವ ನಿಯಮಗಳು ಇಲ್ಲಿ ಎಲ್ಲರಿಗೂ ಬಾಯಿಪಾಠ, ನಮ್ಮ ನಿಯಮಗಳನ್ನು ಒಂದು ನರಪಿಳ್ಳೆಯೂ ಓದಿಲ್ಲ, ಕಾಲು ಬಿದ್ದ ಅಪ್ಪನಿಗೆ ಅಲ್ಲಿ ಜಾಗವಿಲ್ಲ, ಹುಡುಕಿ ಹುಡುಕಿ ಸೋತೆ, ಆದರೆ ಹೊಸದಾಗಿ ಅಪ್ಪನಾದವನಿಗೆ ಇದೆ, ಒಂದು ತಿಂಗಳು, ಇಡೀ ದಿನವಾಗಿಯಾದರೂ ತೆಗೆದುಕೊಳ್ಳಬಹುದು ಚೂರುಚೂರಾಗಿಯಾದರೂ ತೆಗೆದುಕೊಳ್ಳಬಹುದು, ಮೂರು ಮೂರು ಗಂಟೆಯಾಗಿ ಚೂರು ಮಾಡಿದರೆ ಈ ಹಳದಿಗೆಲ್ಲ ಸಾಕಾಗಿ ಅಷ್ಟಿಷ್ಟು ಮಿಗುತ್ತದೆ. ಗಂಡಸರಿಗೂ ಇದೆಯಾ ಅಕ್ಕಾ ಎಂದ, ಕನ್ನಡಕವಿಲ್ಲದ ಅವನ ಕಣ್ಣುಗಳು ಎಷ್ಟು ಚಿಕ್ಕವು, ಕೇಳೋಣ ಅಂದ್ಕೊಂಡೆ, ಎಲ್ಲಾ ನಗ್ತಾರೆ ಅಂತ ಸುಮ್ನಾದೆ. ನಕ್ಕರೆ ಹಲ್ಲು ಅವರದೇ ತಾನೇ ಕಾಣೋದು ಎಂದೆ. ಅವನ ಹಳದಿ ಮನೆಗಳಿಗೆ ಒಂದೊಂದಾಗಿ ಮಗುವಿನ ರಜೆ ತುಂಬಿಸಿದೆವು, ಇಬ್ಬರೂ ಒಂದೇ ಪರದೆಗೆ ಬಗ್ಗಿ, ಮೂರು ಹೊಡೆದು ಹೋಯಿತು, ನೀನು ಹೊರಡು ಎಂದರೆ ಹೆಂಡತಿಯ ತಾಯಿಗೆ ಫೋನು ಮಾಡಿ ಇವತ್ತೊಂದಿನ ಸ್ವಲ್ಪ ಇರಿ ಎಂದ, ಮೇಡಂ ಬರೋವರೆಗೂ ನಾನೂ ಇರ್ತೀನಿ, ನೀವೊಬ್ರೇ ಬೈಸ್ಕೊಳ್ಳೋದು ಬೇಡ. ಈ ಮೂರು ತಿಂಗಳಲ್ಲಿ ಅವನನ್ನು ಆ ಹೊತ್ತಿನಲ್ಲಿ ಆ ಕುರ್ಚಿಯಲ್ಲಿ ನೋಡಿದ್ದು ಇದೇ ಮೊದಲು, ಅಲ್ಲಿ ಬಿಸಿಲು ಬೀಳುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ.

ಬಂದರು ಮೇಡಂ, ಫೋನನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡು ಬಂದರು,  ಇದೇನ್ರೀ ಇದು, ನನ್ನ ಹಾಳೆ ಹಣ್ಣಿನಂಗಡಿ ಆಗಿದೆ ಎಂದರು, ಕನ್ನಡಕ ಎದ್ದು ನಿಂತ, ನಾನು ಏಳಲಿಲ್ಲ, ಕುರ್ಚಿ ತಿರುಗಿಸಿದೆ. ಅವರ ಸಂಕಟ ನನಗೆ ಗೊತ್ತು, ಮುಂದಿನ ಕಟ್ಟಡ ಒಂದು ನ್ಯಾಯಾಲಯ, ಗ್ರಂಥಾಲಯದ ಎರಡರಷ್ಟು ಮೆಟ್ಟಿಲು, ಗ್ರಂಥಾಲಯವನ್ನು ಇಬ್ಬರೇ ದಿನಕ್ಕೆ ಎಂಟೆಂಟು ಗಂಟೆಯಲ್ಲಿ ಮುಗಿಸಿದ್ದಾರೆ ಎಂದು ಹಸಿರು ತೋರಿಸಿಯೇ ಅದನ್ನು ಒಪ್ಪಿಕೊಂಡು ಬಂದಿದ್ದಾರೆ, ಈಗ ಕೆಂಪು ಕಂಡರೆ ಯಜಮಾನರ ಕೋಣೆಗೆ ಹೋಗಿ ಇನ್ನೊಬ್ಬರು ಬೇಕು ಎಂದು ಬಾಯಿಬಿಡಬೇಕು, ಆ ಬಾಯಿ ಬಿಡಲಾಗದೆಯೇ ಇಷ್ಟು ವರ್ಷ ಹಸಿರು ಬೆಳೆಸಿದ್ದು. ಎಲ್ಲ ಹೇಳಿದರು, ನಂಬಿಕೆ ಎಂದರು, ಕಚೇರಿಯ ಹೆಸರು ಎಂದರು, ಮೊದಲೇ ಹೇಳಬಾರದಿತ್ತೇ ಎಂದರು, ಕೇಳಿಸಿಕೊಂಡೆ, ಹೇಳುವುದೆಲ್ಲ ಮುಗಿಯಲಿ, ಮುಗಿದ ಮೇಲೆ ಒಂದೇ ಮಾತು ಸಾಕು, ಮೇಡಂ, ಮೊತ್ತ ಒಂದು ನಿಮಿಷನೂ ಬದಲಾಗಿಲ್ಲ, ಯಾರು ಮಾಡಿದ್ದು ಅನ್ನೋದಷ್ಟೇ ಬದಲಾಗಿರೋದು, ನೀವೇ ಬೆಳಿಗ್ಗೆ ಸಿಸ್ಟಮ್ಮಿಗೆ ಗೊತ್ತಿಲ್ಲ ಅಂದ್ರಿ, ಈಗ ಗೊತ್ತಾಗಿದೆ. ಅವರು ಪ್ಲಾಟರ್ ಪಕ್ಕದ ಸ್ಟೂಲಿನ ಮೇಲೆ ಕೂತರು, ಅಲ್ಲಿ ಕೂತವರನ್ನು ಯಾರೂ ನೋಡಿರಲಿಲ್ಲ, ಅದು ಕಾಗದದ ಸುರುಳಿ ಇಡುವ ಸ್ಟೂಲು, ನನ್ನ ಪರದೆಯನ್ನು ಮೇಲಿಂದ ಕೆಳಗೆ ನೋಡಿದರು, ಒಂದು ಕೆಂಪು ಮನೆಯ ಮೇಲೆ ಬೆರಳಿಟ್ಟು ನಕ್ಷೆಯ ಹೊತ್ತಿನ ಜೊತೆ ತಾಳೆ ನೋಡಿದರು, ಇನ್ನೊಂದನ್ನು ನೋಡಿದರು, ಮೂರನೆಯದಕ್ಕೆ ನೋಡುವುದನ್ನೇ ಬಿಟ್ಟರು. ನಾನೂ ಹಸಿರೇ ಬರ್ಕೊಂಡಿದೀನಲ್ರೀ ಎಂದರು, ನಮಗಲ್ಲ, ಪ್ಲಾಟರಿಗೆ ಹೇಳಿದ ಹಾಗೆ. ಕನ್ನಡಕನಿಗೆ, ಹೋಗಪ್ಪ ನೀನು, ಮನೇಲಿ ಕಾಯ್ತಿರ್ತಾರೆ, ನಾಳೆಯಿಂದ ಎದೆ ಎತ್ಕೊಂಡು ಹೋಗು, ಗೋಡೆ ಬಣ್ಣ ಎಲ್ಲ ನಿನ್ನ ಅಂಗಿಗೇ ಬಂದಿದೆ. ಅವನು ಹೋದ, ಬಾಗಿಲಿನ ತನಕ ಅಭ್ಯಾಸ ಬಲದಿಂದ ಗೋಡೆಯ ಪಕ್ಕವೇ ಹೋದ. ಮೇಡಂ ನನ್ನ ಕೈಯಿಂದ ಮೌಸ್ ತೆಗೆದುಕೊಂಡು ಒಪ್ಪಿಗೆ ಎಂಬುದನ್ನು ತಾವೇ ಒತ್ತಿದರು, ನ್ಯಾಯಾಲಯಕ್ಕೆ ಇನ್ನೊಬ್ರನ್ನ ಕೇಳ್ತೀನಿ, ಬೈದ್ರೆ ನಿಮ್ಮನ್ನೇ ಕರ್ಕೊಂಡು ಹೋಗೋದು. ಬರುತ್ತೇನೆ ಎಂದೆ, ಅದಕ್ಕೇನು, ಯಾವ ಕೋಣೆಗಾದರೂ ಬರುತ್ತೇನೆ.

ಬಂತು ನೋಡು, ಕಳೆದ ಮೂರು ತಿಂಗಳು ಒಂದೇ ಸಲ ವಾಪಸು ಬಂದ ಹಾಗೆ ಬಂತು, ರಜೆಯ ಪುಟದಲ್ಲಿ ಖಾಲಿಯಿದ್ದ ಜಾಗದಲ್ಲಿ ಈಗ ಒಂದು ತಿಂಗಳು ಕೂತಿದೆ, ನನ್ನ ಸ್ವಂತ ಸಂಪಾದನೆ, ಯಾರ ದಾಕ್ಷಿಣ್ಯವೂ ಇಲ್ಲ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಎಷ್ಟು ಸುಲಭವಿತ್ತು, ನಿಜ ಬರೆಯುವುದು ಇಷ್ಟೇ ಎಂದು ಗೊತ್ತಿದ್ದರೆ ಎಂದೋ — ಇರಲಿ, ಸೋಮವಾರದಿಂದ ಎಂದು ಒತ್ತಿದೆ, ಸೋಮವಾರ ಬೆಳಗ್ಗೆಯೇ ಶುರು, ಅಪ್ಪನಿಗೆ ಹೊಸ ಸಾಕ್ಸು ತರಬೇಕು, ಹೋಗುತ್ತ ದಾರಿಯಲ್ಲೇ ಸಿಗುತ್ತದೆ, ಜಾರದ ಥರದ್ದು, ಅತ್ತೆಗೆ ಹೇಳಬಾರದು, ಬೇಗ ಹೋಗಿ ಬಾಗಿಲಲ್ಲಿ ನಿಂತು ಆಶ್ಚರ್ಯಪಡಿಸಬೇಕು, ಯಾವ ದಿನಾಂಕದ ತನಕ, ಒತ್ತಿದೆ, ನಿಮ್ಮ ಬದಲಿಗೆ ಯಾರು, ಹೊಸಬರು ಎಂದು ಬರೆದೆ, ಬರಲಿ, ಕಲಿಯಲಿ, ಕಾರಣ — ಕಾರಣ ಎಂಬಲ್ಲಿ ಸಣ್ಣ ಪೆಟ್ಟಿಗೆ, ಒಂದು ಸಾಲಿಗಾಗುವಷ್ಟೇ ಜಾಗ, ಅಪ್ಪನ ಆರೈಕೆ ಎಂದು ಹೊಡೆದೆ, ಹೊಡೆದು ನೋಡಿದೆ, ಆರೈಕೆಯಲ್ಲ, ಆರೈಕೆ ಅತ್ತೆ ಮಾಡುತ್ತಿದ್ದಾಳೆ, ಅಳಿಸಿದೆ, ತಂದೆಯವರಿಗೆ ಮೆಟ್ಟಿಲು ಹತ್ತಲು ಎಂದು ಹೊಡೆದೆ, ಹತ್ತಲು ಕಲಿಸಲು, ಕಲಿಸಲು — ಮಾಸ್ತರು ಅವತ್ತು ಇನ್ನೂ ಏನೋ ಹೇಳಿದರಲ್ಲ, ಫೋನು ಬಡಿದುಕೊಳ್ಳುತ್ತಿತ್ತು, ನಾನು ಒಂದು ಕೈಯಲ್ಲಿ ಫೋನನ್ನು ಒತ್ತಿ ಹಿಡಿದು ಹ್ಞೂಂ ಹ್ಞೂಂ ಎಂದೆ, ಕಿವಿಗೆ ಬಿದ್ದಿತ್ತು, ಬಿದ್ದೇ ಇತ್ತು, ಮೊದಲನೇ ಮೂರು ತಿಂಗಳು ಕಾಲು ಮಗು ಥರ, ಹೇಳಿದ್ದೆಲ್ಲ ಕಲಿಯುತ್ತೆ, ಆಮೇಲೆ ಹಠ ಹಿಡಿಯುತ್ತೆ, ಆಗ ಎಷ್ಟು ನಿಂತ್ರೂ ಇಷ್ಟೇ, ಈ ಮೂರು ತಿಂಗಳು ಬಿಡಬೇಡಿ. ಹಾಳೆಯ ನೆತ್ತಿಯಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಎರಡು ದಿನಾಂಕ ಇವೆ, ಮೊದಲನೆಯದು ಅಪ್ಪನನ್ನು ಕುರ್ಚಿಯಲ್ಲಿ ಹೊತ್ತು ತಂದ ವಾರ, ಎರಡನೆಯದು ಇವತ್ತು. ಒಂದು ನಕ್ಷೆಯ ಮೇಲೆ ಇನ್ನೊಂದು ನಕ್ಷೆ ಇಟ್ಟು ನೋಡುವುದೇ ನನ್ನ ಕೆಲಸ, ಇವೆರಡನ್ನು ಮಾತ್ರ ಇಟ್ಟು ನೋಡಿರಲಿಲ್ಲ.

ಇಲ್ಲ, ನಾನು ನಿಲ್ಲುತ್ತೇನೆ, ಕಾಲು ಹಠ ಹಿಡಿದರೆ ನನ್ನ ಹಠ ಅದರಪ್ಪ, ದಿನಾ ನಿಲ್ಲುತ್ತೇನೆ, ಬೆಳಗ್ಗೆ ಸಂಜೆ, ಮಾಸ್ತರುಗಳು ಹೇಳುವುದೆಲ್ಲ ವೇದವೇ — ಕಳೆದ ಭಾನುವಾರ ಅಪ್ಪ ಎರಡನೇ ಮೆಟ್ಟಿಲಿಗೇ ನಿಂತರು, ಅದರ ಹಿಂದಿನ ಭಾನುವಾರ ಮೂರು ಹತ್ತಿದ್ದರು, ಅದಕ್ಕೂ ಹಿಂದೆ ನಾಲ್ಕು, ಸಾಕು ಇಳಿಯೋಣ ಎಂದರು, ಯಾಕಪ್ಪಾ ಎಂದರೆ ಆಟದ ಸಾಮಾನಿನ ಮಹಡಿ ಇವತ್ತು ಮುಚ್ಚಿದೆ ಎಂದರು, ನಾನು ನಕ್ಕೆ, ಅತ್ತೆಯೂ ನಕ್ಕಳು, ಅಪ್ಪ ನಗಲಿಲ್ಲ, ಇನ್ನೊಂದು ಸಲ ನೋಡೋಣ ಎಂದು ನಾನೇ ಒತ್ತಾಯ ಮಾಡಿದೆ, ಕಾಲೆತ್ತಿದರು. ಭಯವಾಗುತ್ತಿದೆ ನನಗೆ. ಪೆಟ್ಟಿಗೆ ಖಾಲಿಯಿದೆ, ಗೆರೆ ಮಿಟುಕುತ್ತಿದೆ, ಮೇಡಂ ಏನೋ ಕೇಳುತ್ತಿದ್ದಾರೆ, ಕಾರಣ ಬರೆದ್ರಾ, ಒತ್ತಿಬಿಡ್ಲಾ, ಬರೆಯುತ್ತೇನೆ, ಈಗ ಬರೆಯುತ್ತೇನೆ, ಕಾಲು ಎದ್ದಿತು, ಎದ್ದು ನಿಂತಿತು, ನಾನು ಒಂದು ಮೆಟ್ಟಿಲು ಕೆಳಗೆ ಬೊಗಸೆ ಹಿಡಿದು ನೋಡುತ್ತಿದ್ದೇನೆ, ಬೂದು ಸಾಕ್ಸು, ಸವೆದ ಹಿಮ್ಮಡಿ, ಜೋತ ಹೆಬ್ಬೆರಳು, ಎಷ್ಟು ಹೊತ್ತಾಯಿತು, ಕೂರುತ್ತಿಲ್ಲ, ಗಾಳಿಯಲ್ಲೇ ಇದೆ, ಅಪ್ಪ ಮಹಡಿ ಹೇಳುತ್ತಿಲ್ಲ